ಯಹೂದಿ ಮಹಿಳೆಯರ ರಾಷ್ಟ್ರೀಯ ಮಂಡಳಿ

ಅಮೆರಿಕ ಸಂಯುಕ್ತ ಸಂಸ್ಥಾನದ ಯಹೂದಿ ಮಹಿಳೆಯರು 1893ರಲ್ಲಿ ಷಿಕಾಗೊ ನಗರದಲ್ಲಿ ಕಟ್ಟಿದ ಸಮಾಜ ಸೇವಾ ಸಂಸ್ಥೆ. ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಶ್ ವಿಮೆನ್ ಎಂಬುದು ಇದರ ಅಧಿಕೃತ ಹೆಸರು. ಸದಸ್ಯೆಯರ ಮಾತಿನಲ್ಲಿ ಬರಿಯ ‘ಕೌನ್ಸಿಲ್’. ಹನ್ನಾ ಗ್ರೀನ್‌ಬಾಮ್ ಸಾಲೊಮನ್ ಸ್ಥಾಪಕಿ ಮತ್ತು ಮೊದಲ ಅಧ್ಯಕ್ಷೆ. ಧರ್ಮದ ಅಧ್ಯಯನಕ್ಕೂ ಪರೋಪಕಾರಕ್ಕೂ ಸಮ ಸ್ಥಾನ ಕೊಟ್ಟು ಆರಂಭವಾದ ಸಂಸ್ಥೆ ಕೆಲವೇ ವರ್ಷಗಳಲ್ಲಿ ವಲಸೆ ಬಂದ ಹೆಣ್ಣುಮಕ್ಕಳ ರಕ್ಷಣೆ, ಬಡ ಬಡಾವಣೆಗಳ ಸೇವೆ, ಮಕ್ಕಳ ಕಲ್ಯಾಣ ಮತ್ತು ಶಾಸನ ಸುಧಾರಣೆಗಳ ಕಡೆಗೆ ಹೊರಳಿತು. ‘ಶ್ರದ್ಧೆ ಮತ್ತು ಮಾನವತೆ’ ಎಂಬುದು ಇದರ ಧ್ಯೇಯವಾಕ್ಯ. ಊರಿನ ಒಂದು ಕೊರತೆಯನ್ನು ಗುರುತಿಸಿ, ಸ್ವಯಂಸೇವಕಿಯರ ದುಡಿಮೆಯಿಂದ ಪರಿಹಾರವೊಂದನ್ನು ನಡೆಸಿ ತೋರಿಸಿ, ಕೊನೆಗೆ ಅದನ್ನು ಸರ್ಕಾರಕ್ಕೋ ಸ್ವತಂತ್ರ ಸಂಸ್ಥೆಗೋ ಒಪ್ಪಿಸುವುದು ಮಂಡಳಿಯ ಕಾರ್ಯವಿಧಾನ. ಹೀಗಾಗಿ ಇದು ಹುಟ್ಟುಹಾಕಿದ ಅನೇಕ ಸಂಸ್ಥೆಗಳು ಇಂದು ಬೇರೆ ಹೆಸರುಗಳಲ್ಲಿ ನಡೆಯುತ್ತಿವೆ.

ಹಿನ್ನೆಲೆ

ಅಮೆರಿಕದ ಯಹೂದಿ ಮಹಿಳೆಯರ ಸಂಘಟಿತ ಸೇವೆ ಮಂಡಳಿಗಿಂತ ಹಳೆಯದು. ಫಿಲಡೆಲ್ಫಿಯದ ರೆಬೆಕಾ ಗ್ರಾಟ್ಜ್ 1819ರಲ್ಲಿ ಬಡ ಯಹೂದಿ ಕುಟುಂಬಗಳಿಗಾಗಿ ಮಹಿಳಾ ಸಹಾಯ ಸಂಘವನ್ನೂ 1838ರಲ್ಲಿ ಮಕ್ಕಳಿಗಾಗಿ ಭಾನುವಾರದ ಧಾರ್ಮಿಕ ಶಾಲೆಯನ್ನೂ ಆರಂಭಿಸಿದಳು. 1846ರಲ್ಲಿ ನ್ಯೂಯಾರ್ಕಿನ ಜರ್ಮನ್ ಯಹೂದಿ ಮಹಿಳೆಯರು ‘ನಿಷ್ಠಾವಂತ ಸಹೋದರಿಯರ ಸ್ವತಂತ್ರ ಸಂಘ’ವನ್ನು ಕಟ್ಟಿದರು. ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ ಬಹುತೇಕ ಪ್ರತಿಯೊಂದಕ್ಕೂ ಅಂಟಿಕೊಂಡಂತೆ ಹೊಲಿಗೆ ಕೂಟ, ಬಾಣಂತಿಯರ ಸಹಾಯ, ಅಂತ್ಯಸಂಸ್ಕಾರದ ನೆರವುಗಳನ್ನು ನಡೆಸುವ ಮಹಿಳಾ ಗುಂಪುಗಳಿದ್ದವು. ಆದರೆ ಒಂದು ಊರಿನ ಗುಂಪಿಗೆ ಇನ್ನೊಂದು ಊರಿನ ಗುಂಪಿನ ಪರಿಚಯವಿರಲಿಲ್ಲ.

ಎರಡು ಬದಲಾವಣೆಗಳು ರಾಷ್ಟ್ರಮಟ್ಟದ ಸಂಘಟನೆಗೆ ನೆಲ ಹದಮಾಡಿದವು. ಮೊದಲನೆಯದು, 19ನೆಯ ಶತಮಾನದ ಕೊನೆಯಲ್ಲಿ ಬಲಗೊಂಡ ಮಹಿಳಾ ಕ್ಲಬ್‌ಗಳ ಚಳವಳಿ. ಹನ್ನಾ ಮತ್ತು ಆಕೆಯ ಅಕ್ಕ ಹೆನ್ರಿಯೆಟ್ ಫ್ರಾಂಕ್ 1870ರ ದಶಕದಲ್ಲೇ ಪ್ರತಿಷ್ಠಿತ ಷಿಕಾಗೊ ವಿಮೆನ್ಸ್ ಕ್ಲಬ್ಬಿನ ಮೊದಲ ಯಹೂದಿ ಸದಸ್ಯೆಯರಾಗಿದ್ದರು. ಸಭೆ ನಡೆಸುವುದು, ಪ್ರಬಂಧ ಮಂಡಿಸುವುದು, ನಗರಾಡಳಿತದೊಡನೆ ವ್ಯವಹರಿಸುವುದು ಇವನ್ನೆಲ್ಲ ಕಲಿತದ್ದು ಅಲ್ಲಿಯೇ. ಎರಡನೆಯದು, ಪೂರ್ವ ಯೂರೋಪಿನ ವಲಸೆ. ರಷ್ಯದ ಚಕ್ರಾಧಿಪತ್ಯದಲ್ಲಿ 1881ರಿಂದ ಯಹೂದಿಯರ ಮೇಲೆ ನಡೆದ ಹಿಂಸಾಚಾರ ಮತ್ತು ಬಡತನದಿಂದ ಕಂಗೆಟ್ಟು 1924ರೊಳಗೆ 20 ಲಕ್ಷಕ್ಕೂ ಹೆಚ್ಚು ಯಹೂದಿಯರು ಅಮೆರಿಕಕ್ಕೆ ಬಂದರು. ಎರಡು ಮೂರು ತಲೆಮಾರುಗಳಿಂದ ನೆಲೆಸಿ ವ್ಯಾಪಾರದಲ್ಲಿ ಏಳಿಗೆ ಕಂಡಿದ್ದ ಜರ್ಮನ್ ಮೂಲದ ಯಹೂದಿಯರಿಗೆ ಯಿದ್ದಿಷ್ ಭಾಷೆ ಮಾತಾಡುವ ಈ ಬಡ ಬಂಧುಗಳ ಬಗ್ಗೆ ಕನಿಕರವೂ ಇತ್ತು, ಇವರಿಂದ ತಮ್ಮ ಮರ್ಯಾದೆಗೆ ಕುಂದು ಬಂದೀತೆಂಬ ಅಳುಕೂ ಇತ್ತು. ಮಂಡಳಿಯ ಮೊದಲ ಮೂವತ್ತು ವರ್ಷಗಳ ಕೆಲಸದಲ್ಲಿ ಈ ಎರಡೂ ಭಾವಗಳನ್ನು ಕಾಣಬಹುದು.

ಸ್ಥಾಪನೆ

ಕೊಲಂಬಸ್ ಅಮೆರಿಕ ತಲುಪಿದ 400ನೆಯ ವರ್ಷದ ನೆನಪಿಗೆ 1893ರಲ್ಲಿ ಷಿಕಾಗೊದಲ್ಲಿ ವಿಶ್ವಮೇಳ ನಡೆಯಿತು. ಅದರ ಅಂಗವಾಗಿ ಏರ್ಪಟ್ಟದ್ದೇ ಸರ್ವಧರ್ಮ ಸಮ್ಮೇಳನ. ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ ಕಾರಣ ಕನ್ನಡ ಓದುಗರಿಗೆ ಈ ಸಮ್ಮೇಳನ ಚಿರಪರಿಚಿತ. ಅದಕ್ಕೆ ಒಂದು ವಾರ ಮೊದಲು, ಸೆಪ್ಟೆಂಬರ್ 4ರಿಂದ 7ರವರೆಗೆ, ಅದೇ ಮೇಳದ ಆಶ್ರಯದಲ್ಲಿ ಯಹೂದಿ ಮಹಿಳೆಯರ ಸಮಾವೇಶ ಕೂಡಿತು.

ಮೇಳದ ಮಹಿಳಾ ವಿಭಾಗದವರು ಯಹೂದಿ ಮಹಿಳೆಯರನ್ನು ಕಲೆಹಾಕುವ ಹೊಣೆಯನ್ನು ಹನ್ನಾ ಸಾಲೊಮನ್‌ಗೆ ವಹಿಸಿದ್ದರು. ದೇಶದ ಯಹೂದಿ ಮಹಿಳೆಯರ ಯಾವ ಪಟ್ಟಿಯೂ ಆಗ ಇರಲಿಲ್ಲ. ಹನ್ನಾ ದೊಡ್ಡ ದೊಡ್ಡ ಊರುಗಳ ರಬ್ಬಿಗಳಿಗೆ (ಯಹೂದಿ ಧರ್ಮಗುರುಗಳಿಗೆ) ಕೈಬರಹದ ಪತ್ರಗಳನ್ನು ಬರೆದು, ಅವರವರ ಸಭೆಗಳ ಮುಂದಾಳು ಮಹಿಳೆಯರ ಹೆಸರು ತರಿಸಿಕೊಂಡು, ಮತ್ತೆ ಒಬ್ಬೊಬ್ಬರಿಗೂ ಆಹ್ವಾನ ಕಳುಹಿಸಿದಳು. ಯಹೂದಿ ಧರ್ಮದ ಪರವಾಗಿ ಕಾರ್ಯಕ್ರಮ ರೂಪಿಸುತ್ತಿದ್ದ ಪುರುಷರ ಸಮಿತಿಯೊಡನೆ ಸೇರಿ ಕೆಲಸ ಮಾಡುವ ಪ್ರಯತ್ನವೂ ನಡೆಯಿತು. ಆ ಸಮಿತಿ ಸಿದ್ಧಪಡಿಸಿದ ಭಾಷಣಗಳ ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರೂ ಇರಲಿಲ್ಲ. ಮಹಿಳೆಯರ ಪಾಲಿಗೆ ಉಳಿದದ್ದು ಅತಿಥಿಸತ್ಕಾರ ಮಾತ್ರ. ಹನ್ನಾ ಅಲ್ಲಿಂದ ಹೊರಬಂದು ಪ್ರತ್ಯೇಕ ಸಮಾವೇಶವನ್ನೇ ಕರೆದಳು.

ಸಮಾವೇಶದ ಆರಂಭದ ಪ್ರಾರ್ಥನೆ ನಡೆಸಿದವಳು ಪಶ್ಚಿಮ ಕರಾವಳಿಯಲ್ಲಿ ಉಪನ್ಯಾಸಕಿಯಾಗಿ ಹೆಸರು ಮಾಡಿದ್ದ ರೇ ಫ್ರಾಂಕ್. ಸಿನಗಾಗ್‌ನಲ್ಲಿ ಮಹಿಳೆಯ ಸ್ಥಾನ, ಬಡ ಬಡಾವಣೆಗಳ ಸೇವೆ, ಕೂಲಿಹೆಣ್ಣುಮಕ್ಕಳ ಸ್ಥಿತಿ ಮುಂತಾದ ವಿಷಯಗಳ ಮೇಲೆ ಪ್ರಬಂಧಗಳು ಮಂಡನೆಯಾದವು. ಮನೆಯ ಕರ್ತವ್ಯದಿಂದ ಬರಲಾಗದ ನ್ಯೂಯಾರ್ಕಿನ ರೆಬೆಕಾ ಕೊಹುಟ್‌ಳ ಪ್ರಬಂಧವನ್ನು ಆಕೆಯ ಸಹೋದರಿ ಓದಿದಳು. ಕೊನೆಯಲ್ಲಿ ಸೇಡಿ ಅಮೆರಿಕನ್ ಎಂಬ ಷಿಕಾಗೊದ ಯುವತಿ ಸಂಘಟನೆಯ ಅಗತ್ಯವನ್ನು ಕುರಿತು ಮಾತನಾಡಿ, ನಾಲ್ಕು ದಿನಗಳ ಈ ಕೂಟ ಚದುರಿಹೋಗದೆ ಶಾಶ್ವತ ಸಂಸ್ಥೆಯಾಗಬೇಕೆಂದು ಪ್ರತಿಪಾದಿಸಿದಳು. ನೆರೆದವರು ಒಪ್ಪಿದರು. ಹನ್ನಾ ಅಧ್ಯಕ್ಷೆಯಾಗಿಯೂ ಸೇಡಿ ಕಾರ್ಯದರ್ಶಿಯಾಗಿಯೂ ಆಯ್ಕೆಯಾದರು. ಯಹೂದಿ ಮಹಿಳೆಯರನ್ನು ಪರಸ್ಪರ ಹತ್ತಿರ ತರುವುದು, ಧರ್ಮವನ್ನೂ ಇತಿಹಾಸವನ್ನೂ ಅಧ್ಯಯನ ಮಾಡುವುದು, ದಾನಧರ್ಮದಲ್ಲಿ ಹೊಸ ವೈಜ್ಞಾನಿಕ ವಿಧಾನಗಳನ್ನು ಬಳಸಿ ಸಮಾಜ ಸುಧಾರಣೆಗೆ ದುಡಿಯುವುದು ಸಂಸ್ಥೆಯ ಉದ್ದೇಶಗಳಾದವು. ಸಮಾವೇಶದ ಪ್ರಬಂಧಗಳು 1894ರಲ್ಲಿ ಪುಸ್ತಕವಾಗಿ ಪ್ರಕಟವಾದವು.

ಹನ್ನಾ ಸಾಲೊಮನ್

ಹನ್ನಾ (1858-1942) ಷಿಕಾಗೊದ ಸಿರಿವಂತ ಜರ್ಮನ್ ಯಹೂದಿ ಮನೆತನದಲ್ಲಿ ಹುಟ್ಟಿದವಳು. 1879ರಲ್ಲಿ ಹೆನ್ರಿ ಸಾಲೊಮನ್‌ನನ್ನು ಮದುವೆಯಾಗಿ ಮೂವರು ಮಕ್ಕಳ ತಾಯಿಯಾದಳು. ಯಹೂದಿ ಧರ್ಮದ ಸುಧಾರಿತ ಪಂಥದ ಅನುಯಾಯಿ. ಹಲ್ ಹೌಸ್ ಎಂಬ ಸೇವಾಕೇಂದ್ರ ಸ್ಥಾಪಿಸಿದ ಜೇನ್ ಆಡಮ್ಸ್ ಆಕೆಯ ಒಡನಾಡಿ. 1897ರಲ್ಲಿ ವಲಸಿಗರಿಗೆ ಕಾನೂನು, ಉದ್ಯೋಗ, ಆರೋಗ್ಯಗಳ ವಿಷಯದಲ್ಲಿ ನೆರವಾಗುವ ‘ವೈಯಕ್ತಿಕ ಸೇವಾ ಕಚೇರಿ’ಯನ್ನು ಷಿಕಾಗೊದಲ್ಲಿ ತೆರೆದಳು. ಇಲಿನಾಯ್ ರಾಜ್ಯ 1899ರಲ್ಲಿ ದೇಶದ ಮೊತ್ತಮೊದಲ ಬಾಲನ್ಯಾಯಾಲಯವನ್ನು ಸ್ಥಾಪಿಸಿದಾಗ ಅದರ ಕೆಲಸಕ್ಕೂ ಕೈಜೋಡಿಸಿದಳು. 1904ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆಗೆ ಮಹಿಳಾ ಮತದಾನ ಹಕ್ಕಿನ ಹೋರಾಟಗಾರ್ತಿ ಸೂಸನ್ ಬಿ. ಆಂಟನಿಯೊಡನೆ ಹೋಗಿ, ಜರ್ಮನ್ ಬಲ್ಲವಳಾದ್ದರಿಂದ ದುಭಾಷಿಯೂ ಆದಳು. 1910ರ ಹೊತ್ತಿಗೆ ನಗರದ ಕಸ ವಿಲೇವಾರಿ ವಿಚಾರಣೆಗೆ ಹೊರಟ ಹನ್ನಾ, ನೆಲ ಸೋಕುವ ಬಿಳಿಯ ಉಡುಪು ತೊಟ್ಟು, ಕೊಡೆ ಹಿಡಿದು ತಿಪ್ಪೆಗಳ ನಡುವೆ ಓಡಾಡಿದ್ದು ಷಿಕಾಗೊದಲ್ಲಿ ಮನೆಮಾತಾಯಿತು. ಆಕೆಯ ಆತ್ಮಕಥೆ ಮರಣಾನಂತರ 1946ರಲ್ಲಿ ಹೊರಬಂತು.

ಸಬ್ಬತ್ ವಿವಾದ

ಆರಂಭದ ವರ್ಷಗಳಲ್ಲಿ ಬೈಬಲ್ ಮತ್ತು ಯಹೂದಿ ಇತಿಹಾಸದ ಅಧ್ಯಯನ ವರ್ತುಲಗಳು ಪ್ರತಿಯೊಂದು ಶಾಖೆಯ ಮುಖ್ಯ ಚಟುವಟಿಕೆ. ಧಾರ್ಮಿಕ ಪಾಂಡಿತ್ಯ ಗಂಡಸರ ಸೊತ್ತಾಗಿದ್ದ ಕಾಲದಲ್ಲಿ ಮಹಿಳೆಯರೇ ಪಠ್ಯಕ್ರಮ ರೂಪಿಸಿಕೊಂಡು ಓದತೊಡಗಿದ್ದು ಹೊಸ ಸಂಗತಿ. ಆದರೆ ಧರ್ಮದ ವಿಷಯದಲ್ಲೇ ಮಂಡಳಿಗೆ ಮೊದಲ ಬಿರುಕೂ ಕಾಣಿಸಿತು. ಹನ್ನಾ ನಡೆದುಕೊಳ್ಳುತ್ತಿದ್ದ ಷಿಕಾಗೊದ ಸಿನಾಯ್ ಸಭೆಯ ರಬ್ಬಿ ಎಮಿಲ್ ಹಿರ್ಷ್ ವಾರದ ಪ್ರಾರ್ಥನೆಯನ್ನು ಶನಿವಾರದಿಂದ ಭಾನುವಾರಕ್ಕೆ ಬದಲಾಯಿಸಿದ್ದ. 1896ರ ನವೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ತ್ರೈವಾರ್ಷಿಕ ಮಹಾಸಭೆ ಸೇರಿದಾಗ, ಶನಿವಾರದ ಸಬ್ಬತ್ತನ್ನು (ವಾರದ ಪವಿತ್ರ ವಿಶ್ರಾಂತಿ ದಿನವನ್ನು) ಆಚರಿಸದವಳು ಯಹೂದಿ ಮಹಿಳೆಯರ ಮುಂದಾಳಾಗಿರುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ತನಗೆ ವಾರದ ಎಲ್ಲ ದಿನಗಳೂ ಪವಿತ್ರವೆಂದು ಉತ್ತರಿಸಿದ ಹನ್ನಾ ಅಧ್ಯಕ್ಷೆಯಾಗಿಯೇ ಉಳಿದಳು. ಮಂಡಳಿಯ ಬಗ್ಗೆ ವಿಸ್ತಾರವಾಗಿ ಬರೆಯುತ್ತಿದ್ದ ‘ದಿ ಅಮೆರಿಕನ್ ಜ್ಯೂಯೆಸ್’ ಪತ್ರಿಕೆಯ (1895-99) ಸಂಪಾದಕಿ ರೋಸಾ ಸೊನ್ನೆಶೈನ್ ಕೂಡ ಕ್ರಮೇಣ ಈ ವಿಷಯದಲ್ಲಿ ಕಟು ಟೀಕಾಕಾರಳಾದಳು.

ಆಚರಣೆಯ ಚರ್ಚೆ ಒಡಕಿಗೆ ದಾರಿ, ಸೇವೆ ಒಗ್ಗಟ್ಟಿಗೆ ದಾರಿ ಎಂಬುದು ಈ ಅನುಭವದಿಂದ ಮನವರಿಕೆಯಾಯಿತು. 1913ರಲ್ಲಿ ಸುಧಾರಿತ ಪಂಥದ ಸಿನಗಾಗ್‌ಗಳ ಮಹಿಳಾ ಸಂಘಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡ ಮೇಲೆ ಧಾರ್ಮಿಕ ಶಿಕ್ಷಣದ ಕೆಲಸ ಅತ್ತ ಸರಿಯಿತು. ಅದರ ಹಿಂದಿನ ವರ್ಷ ಹೆನ್ರಿಯೆಟಾ ಸೋಲ್ಡ್ ಸ್ಥಾಪಿಸಿದ ಹದಸ್ಸಾ ಸಂಸ್ಥೆ, ಪ್ಯಾಲೆಸ್ಟೈನಿನಲ್ಲಿ ಯಹೂದಿ ನೆಲೆ ಬಯಸುವ ಮಹಿಳೆಯರನ್ನು ಸೆಳೆದುಕೊಂಡಿತು. ಮಂಡಳಿಗೆ ಉಳಿದದ್ದು, ಮತ್ತು ಮಂಡಳಿ ತನ್ನದಾಗಿಸಿಕೊಂಡದ್ದು, ಅಮೆರಿಕದ ನೆಲದ ಸಮಾಜಸೇವೆ.

ಬಂದರಿನಲ್ಲಿ ಸೇವೆ

ಮಂಡಳಿಗೆ ರಾಷ್ಟ್ರೀಯ ಮನ್ನಣೆ ತಂದುಕೊಟ್ಟದ್ದು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದ ಕೆಲಸ. 1892ರಲ್ಲಿ ಅಲ್ಲಿ ತೆರೆದ ವಲಸೆ ಠಾಣೆಯಲ್ಲಿ ಒಂಟಿಯಾಗಿ ಬಂದ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಯಾರೂ ಬಾರದಿದ್ದರೆ ಅಧಿಕಾರಿಗಳು ಹೊರಗೆ ಬಿಡುತ್ತಿರಲಿಲ್ಲ. ಬಂಧುವಿನ ವಿಳಾಸ ತಪ್ಪಾಗಿದ್ದರೆ, ಕೈಯಲ್ಲಿ ಹಣವಿಲ್ಲದಿದ್ದರೆ, ಕಣ್ಣಿನ ಸೋಂಕು ಕಂಡುಬಂದರೆ ತಡೆಹಿಡಿಯುವುದೋ ಹಡಗಿನಲ್ಲೇ ಹಿಂದಿರುಗಿಸುವುದೋ ನಡೆಯುತ್ತಿತ್ತು. ಹೊರಗೆ ಬಿಟ್ಟವರಿಗೆ ಬೇರೆ ಅಪಾಯ. ಕೆಲಸ ಕೊಡಿಸುವೆ, ಮದುವೆಯಾಗುವೆ ಎಂದು ನಂಬಿಸಿ ವೇಶ್ಯಾಗೃಹಗಳಿಗೆ ಮಾರುವ ದಲ್ಲಾಳಿಗಳು ಹಡಗಿನಿಂದಲೇ ಬೆನ್ನುಹತ್ತುತ್ತಿದ್ದರು. ಇವರಲ್ಲಿ ಯಹೂದಿಯರೂ ಇದ್ದರೆಂಬ ಕಹಿಸತ್ಯವನ್ನು ಸಮುದಾಯದ ಮುಖಂಡರು ಬಚ್ಚಿಡಲು ಬಯಸಿದರು. ಮಂಡಳಿಯ ಮಹಿಳೆಯರು ಅದನ್ನು ಬಹಿರಂಗವಾಗಿ ಚರ್ಚಿಸಿದರು. ಸೇಡಿ ಅಮೆರಿಕನ್ ಯೂರೋಪಿನಲ್ಲಿ ಸೇರುತ್ತಿದ್ದ ಸ್ತ್ರೀ ಸಾಗಾಟ ವಿರೋಧಿ ಸಮ್ಮೇಳನಗಳಿಗೂ ಹೋಗಿ ಬಂದಳು.

20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರವೇ ನೆರವು ಕೋರಿದಾಗ ಮಂಡಳಿ ವಲಸಿಗರ ಸಹಾಯ ವಿಭಾಗವನ್ನು ತೆರೆದು, ಯಿದ್ದಿಷ್ ಬಲ್ಲ ಸಂಬಳದ ಪ್ರತಿನಿಧಿಗಳನ್ನು ದ್ವೀಪದಲ್ಲಿ ನೇಮಿಸಿತು. ಇವರಲ್ಲಿ ಹೆಸರಾದವಳು, ತಾನೂ ವಲಸೆ ಬಂದಿದ್ದ ಸಿಸೀಲಿಯಾ ಗ್ರೀನ್‌ಸ್ಟೋನ್. ಪ್ರತಿನಿಧಿಗಳು ಹುಡುಗಿಯರನ್ನು ಕಂಡು ಮಾತಾಡಿಸಿ, ವಿಳಾಸಗಳನ್ನು ಖಚಿತಪಡಿಸಿ, ವಿಚಾರಣಾ ಮಂಡಳಿಯ ಮುಂದೆ ಅವರ ಪರ ವಾದಿಸುತ್ತಿದ್ದರು. ಅಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಹುಡುಗಿ ಪಿಟ್ಸ್‌ಬರ್ಗ್‌ಗೆ ಹೊರಟಿದ್ದರೆ ಆಕೆಯ ವಿವರ ಅಲ್ಲಿನ ಶಾಖೆಗೆ ಹೋಗುತ್ತಿತ್ತು. ಶಾಖೆಯ ಸದಸ್ಯೆ ಮನೆಗೆ ಹೋಗಿ, ಆಕೆ ಸುರಕ್ಷಿತವಾಗಿ ತಲುಪಿದಳೇ, ಉದ್ಯೋಗ ಎಂಥದು, ಇಂಗ್ಲಿಷ್ ತರಗತಿ ಸೇರಿದಳೇ ಎಂದು ವಿಚಾರಿಸಿ ವರದಿ ಬರೆಯುತ್ತಿದ್ದಳು. ದೇಶದುದ್ದಕ್ಕೂ ಹರಡಿದ ಶಾಖೆಗಳ ಜಾಲವಿಲ್ಲದೆ ಈ ಬಗೆಯ ಕಾವಲು ಸಾಧ್ಯವಿರಲಿಲ್ಲ. ದಾರಿತಪ್ಪಿದ ಅಥವಾ ವಂಚನೆಗೊಳಗಾಗಿ ಬಸಿರಾದ ಅವಿವಾಹಿತೆಯರಿಗಾಗಿ ನ್ಯೂಯಾರ್ಕ್ ಶಾಖೆ ಸ್ಟ್ಯಾಟನ್ ಐಲೆಂಡಿನಲ್ಲಿ ಲೇಕ್‌ವ್ಯೂ ಹೋಮ್ ಎಂಬ ಆಶ್ರಯಧಾಮವನ್ನೂ ನಡೆಸಿತು.

ಸೆಟಲ್‌ಮೆಂಟ್ ಮನೆಗಳು ಮತ್ತು ಶಾಲೆಗಳು

ವಲಸಿಗರು ತುಂಬಿದ ಬಡಾವಣೆಯ ನಡುವೆ ಮನೆಯೊಂದನ್ನು ಹಿಡಿದು ಅಲ್ಲಿಂದಲೇ ಶಿಕ್ಷಣ, ಆರೋಗ್ಯ, ಮನರಂಜನೆಗಳನ್ನು ಒದಗಿಸುವ ಸೆಟಲ್‌ಮೆಂಟ್ ಪದ್ಧತಿಯನ್ನು ಹಲವು ಶಾಖೆಗಳು ಅಳವಡಿಸಿಕೊಂಡವು. ಪಿಟ್ಸ್‌ಬರ್ಗಿನ ಮಹಿಳೆಯರು 1895ರಲ್ಲಿ ಆರಂಭಿಸಿದ ಕೊಲಂಬಿಯನ್ ಶಾಲೆ ಮುಂದೆ ಐರೀನ್ ಕಾಫ್‌ಮನ್ ಸೆಟಲ್‌ಮೆಂಟ್ ಎಂಬ ದೊಡ್ಡ ಸಂಸ್ಥೆಯಾಯಿತು. ಒರೆಗಾನ್ ರಾಜ್ಯದ ಪೋರ್ಟ್‌ಲಂಡ್ ಶಾಖೆ 1905ರಲ್ಲೂ, ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಶಾಖೆ 1906ರಲ್ಲೂ ಮುಂದೆ ‘ನೈಬರ್‌ಹುಡ್ ಹೌಸ್’ ಎಂದು ಹೆಸರಾದ ಮನೆಗಳನ್ನು ತೆರೆದವು. ಹೊಲಿಗೆ ತರಗತಿ, ಇಂಗ್ಲಿಷ್ ಮತ್ತು ಪೌರತ್ವ ಪರೀಕ್ಷೆಯ ಪಾಠ, ಶಿಶುಗಳ ಆರೋಗ್ಯ ತಪಾಸಣೆ, ಗ್ರಂಥಾಲಯ, ಸ್ನಾನದ ಕೋಣೆಗಳು ಇಂಥ ಮನೆಗಳಲ್ಲಿ ಇರುತ್ತಿದ್ದವು. ಪೋರ್ಟ್‌ಲಂಡಿನ ಮನೆಯನ್ನು ಐಡಾ ಲೋವನ್‌ಬರ್ಗ್ 1912ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದಳು. ಯಹೂದಿ ವಲಸಿಗರು ಉತ್ತಮ ಬಡಾವಣೆಗಳಿಗೆ ಸರಿದ ಮೇಲೆ ಈ ಮನೆಗಳು ಆ ಜಾಗಕ್ಕೆ ಬಂದ ಇತರ ಜನರ ಸೇವೆಯಲ್ಲಿ ಮುಂದುವರಿದವು. ಸಿಯಾಟಲ್ ಮತ್ತು ಪೋರ್ಟ್‌ಲಂಡಿನ ಮನೆಗಳು ಮುಂದೆ ಸ್ವತಂತ್ರ ಸಂಸ್ಥೆಗಳಾದವು.

ಶಾಲಾ ಮಕ್ಕಳಿಗೆ ಒಂದು ಪೆನ್ನಿ ನಾಣ್ಯಕ್ಕೆ ಬಿಸಿಯೂಟ, ರಜಾದಿನಗಳ ಶಾಲೆ, ಆಟದ ಮೈದಾನ, ಅಂಧರಿಗೆ ಬ್ರೈಲ್ ಪುಸ್ತಕಗಳು ಮೊದಲಾದ ಯೋಜನೆಗಳನ್ನೂ ಬೇರೆ ಬೇರೆ ಶಾಖೆಗಳು ಕೈಗೊಂಡವು. ರೋಸ್ ಬ್ರೆನ್ನರ್ ಅಧ್ಯಕ್ಷೆಯಾಗಿದ್ದ 1920ರ ದಶಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ಹಳ್ಳಿಗಾಡಿನಲ್ಲಿ ಒಕ್ಕಲುತನಕ್ಕೆ ಇಳಿದಿದ್ದ ಯಹೂದಿ ಕುಟುಂಬಗಳ ಹೆಂಗಸರು ಮತ್ತು ಮಕ್ಕಳಿಗಾಗಿ ಕೃಷಿ ಮತ್ತು ಗ್ರಾಮೀಣ ವಿಭಾಗವೂ ದುಡಿಯಿತು.

ಶಾಸನದ ಕಡೆಗೆ

ಒಬ್ಬ ತಾಯಿಗೆ ನೆರವಾದರೆ ಮರುದಿನ ಅದೇ ಕಷ್ಟ ಹೊತ್ತು ಮತ್ತೊಬ್ಬಳು ಬಾಗಿಲಿಗೆ ಬರುತ್ತಿದ್ದಳು. ಕಷ್ಟದ ಬೇರು ಕೂಲಿಯ ದರದಲ್ಲಿ, ವಠಾರಗಳ ಕೊಳಕಿನಲ್ಲಿ, ಕಾನೂನಿನ ಲೋಪದಲ್ಲಿದೆ ಎಂದು ಮನಗಂಡ ಮಂಡಳಿ ಮೊದಲ ಮಹಾಯುದ್ಧಕ್ಕೆ ಮುನ್ನವೇ ಶಾಸನದ ಬೇಡಿಕೆಗಳನ್ನು ರೂಪಿಸತೊಡಗಿತು. ಬಾಲಕಾರ್ಮಿಕ ನಿಷೇಧ, ವಸತಿ ಸುಧಾರಣೆ, ಕೆಲಸದ ಅವಧಿಯ ಮಿತಿ ಇವು ಅವುಗಳಲ್ಲಿ ಮುಖ್ಯ. 1920ರಲ್ಲಿ ರೂಪುಗೊಂಡ ಮಹಿಳೆಯರ ಜಂಟಿ ಸಂಸದೀಯ ಸಮಿತಿಯಲ್ಲಿ ಸದಸ್ಯತ್ವ ಪಡೆದು, ತಾಯಿ ಮತ್ತು ಶಿಶುವಿನ ಆರೋಗ್ಯಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿದ 1921ರ ಶೆಪರ್ಡ್-ಟೌನರ್ ಕಾಯಿದೆಯನ್ನು ಬೆಂಬಲಿಸಿತು.

ಈ ಹಾದಿ ನೇರವಾಗಿರಲಿಲ್ಲ. ಸದಸ್ಯೆಯರಲ್ಲಿ ಅನೇಕರು ಮತದಾನದ ಹಕ್ಕಿಗಾಗಿ ಹೋರಾಡಿದರೂ, ಸಂಸ್ಥೆಯಾಗಿ ಮಂಡಳಿ ಆ ಚಳವಳಿಗೆ ಅಧಿಕೃತ ಬೆಂಬಲ ಘೋಷಿಸಲಿಲ್ಲ. ಸಂವಿಧಾನದ ಸಮಾನ ಹಕ್ಕುಗಳ ತಿದ್ದುಪಡಿಯನ್ನು, ಕಾರ್ಮಿಕ ಮಹಿಳೆಯರ ರಕ್ಷಣೆಗಿದ್ದ ಕಾನೂನುಗಳು ಬಿದ್ದುಹೋದಾವೆಂಬ ಭಯದಿಂದ, ಆ ಕಾಲದ ಹಲವು ಮಹಿಳಾ ಸಂಸ್ಥೆಗಳಂತೆ ಇದೂ ವಿರೋಧಿಸಿ, 1970ರ ದಶಕದಲ್ಲಿ ನಿಲುವು ಬದಲಿಸಿ ಬೆಂಬಲಿಸಿತು.

ಎರಡು ಯುದ್ಧಗಳ ನಡುವಣ ಕಾಲದಲ್ಲಿ ಶಾಂತಿ ಚಳವಳಿಯೂ ಮುಖ್ಯ ಕಾರ್ಯಕ್ರಮವಾಯಿತು. ಮತದಾನ ಹಕ್ಕಿನ ಚಳವಳಿಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ 1925ರಲ್ಲಿ ಒಗ್ಗೂಡಿಸಿದ, ಯುದ್ಧದ ಕಾರಣ ಮತ್ತು ಪರಿಹಾರಗಳ ರಾಷ್ಟ್ರೀಯ ಸಮಿತಿಯಲ್ಲಿ ಮಂಡಳಿ ಪಾಲ್ಗೊಂಡಿತು. 1932ರಿಂದ 1938ರವರೆಗೆ ಅಧ್ಯಕ್ಷೆಯಾಗಿದ್ದ ಮಿನಿಯಾಪೊಲಿಸ್‌ನ ಫ್ಯಾನಿ ಬ್ರಿನ್ ಇದರ ಪ್ರಮುಖ ವಕ್ತಾರಳು. ಹಿಟ್ಲರನ ಏಳಿಗೆಯೊಡನೆ ನಿಶ್ಶಸ್ತ್ರೀಕರಣದ ಆದರ್ಶಕ್ಕೂ ಯಹೂದಿಯರ ಉಳಿವಿನ ಪ್ರಶ್ನೆಗೂ ಘರ್ಷಣೆ ತಲೆದೋರಿದಾಗ, ಮಂಡಳಿಯ ಶಾಂತಿವಾದಿಗಳಿಗೆ ತಮ್ಮ ನಿಲುವನ್ನು ಮರುಪರಿಶೀಲಿಸುವುದು ಅನಿವಾರ್ಯವಾಯಿತು.

ನಿರಾಶ್ರಿತರ ಕಾಲ

ಮೊದಲ ಮಹಾಯುದ್ಧದ ನಂತರ ರೆಬೆಕಾ ಕೊಹುಟ್ ಯೂರೋಪಿಗೆ ಹೋಗಿ ಯುದ್ಧಪೀಡಿತ ಯಹೂದಿ ಸಮುದಾಯಗಳ ಪರಿಸ್ಥಿತಿಯನ್ನು ಕಂಡುಬಂದಳು. 1924ರ ವಲಸೆ ಕಾಯಿದೆ ಪೂರ್ವ ಯೂರೋಪಿನವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಬಂದರಿನಲ್ಲಿ ಸ್ವಾಗತಿಸುವ ಕೆಲಸ ಕುಗ್ಗಿ, ಒಡೆದ ಕುಟುಂಬಗಳನ್ನು ಕೂಡಿಸುವ, ಪೌರತ್ವ ಕೊಡಿಸುವ, ಗಡೀಪಾರು ತಪ್ಪಿಸುವ ಕಾನೂನು ಕೆಲಸ ಬೆಳೆಯಿತು. ಈ ಕ್ಷೇತ್ರದಲ್ಲಿ ಪಳಗಿದವಳು ಸಿಸೀಲಿಯಾ ರಜೋವ್‌ಸ್ಕಿ. 1920ರ ದಶಕದ ಆರಂಭದಲ್ಲಿ ವಲಸಿಗರ ವಿಭಾಗ ಸೇರಿದ ಈಕೆ ‘ದಿ ಇಮಿಗ್ರಂಟ್’ ಪತ್ರಿಕೆಯನ್ನು ಸಂಪಾದಿಸಿ, ಹೊರಡುವ ಮುನ್ನ ವಲಸಿಗರು ತಿಳಿದಿರಬೇಕಾದ ಸಂಗತಿಗಳ ಬಗ್ಗೆ 1922ರಲ್ಲಿ ಕೈಪಿಡಿಯನ್ನೂ ಬರೆದಳು.

1934ರಲ್ಲಿ ಮಂಡಳಿಯೂ ಸೇರಿದಂತೆ ಕೆಲವು ಸಂಸ್ಥೆಗಳು ಜರ್ಮನ್ ಯಹೂದಿ ಮಕ್ಕಳ ಸಹಾಯ ಸಂಸ್ಥೆಯನ್ನು ರಚಿಸಿ, ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ಅಮೆರಿಕಕ್ಕೆ ಕರೆತಂದು ಯಹೂದಿ ಮನೆಗಳಲ್ಲಿ ಇರಿಸತೊಡಗಿದವು. ಇದರ ಆಡಳಿತದ ಭಾರ ರಜೋವ್‌ಸ್ಕಿಯ ಮೇಲಿತ್ತು. 1939ರ ಮೇ ತಿಂಗಳಿನಲ್ಲಿ 900ಕ್ಕೂ ಹೆಚ್ಚು ಯಹೂದಿ ನಿರಾಶ್ರಿತರನ್ನು ಹೊತ್ತ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ ತಡೆದಾಗ ಹವಾನಾಕ್ಕೆ ಹೋದ ಸಂಧಾನಕಾರರಲ್ಲಿ ಆಕೆಯೂ ಒಬ್ಬಳು. ಸಂಧಾನ ಮುರಿದುಬಿತ್ತು, ಹಡಗು ಯೂರೋಪಿಗೆ ಮರಳಿತು. ಯುದ್ಧ ಮುಗಿದ ಬಳಿಕ ಶಾಖೆಗಳು ಬದುಕುಳಿದವರ ಬಂಧುಗಳನ್ನು ಹುಡುಕುವ ಕೆಲಸದಲ್ಲಿ ತೊಡಗಿದವು. 1946ರಲ್ಲಿ ಮಂಡಳಿ ತನ್ನ ರಾಷ್ಟ್ರೀಯ ವಲಸಿಗರ ಸೇವಾ ವಿಭಾಗವನ್ನು ರಾಷ್ಟ್ರೀಯ ನಿರಾಶ್ರಿತರ ಸೇವಾ ಸಂಸ್ಥೆಯೊಡನೆ ವಿಲೀನಗೊಳಿಸಿತು. ಹಾಗೆ ಹುಟ್ಟಿದ ಹೊಸ ಸಂಸ್ಥೆ 1954ರಲ್ಲಿ ಹಯಾಸ್ ಎಂಬ ಹಿರಿಯ ವಲಸೆ ಸಹಾಯ ಸಂಸ್ಥೆಯೊಳಗೆ ಸೇರಿಹೋಯಿತು.

1945ರ ನಂತರ

ಯೂರೋಪಿನ ಅನಾಥ ಮಕ್ಕಳಿಗೆ ಆಟಿಕೆ ಮತ್ತು ಕಲಿಕೆಯ ಸಾಮಗ್ರಿಗಳ ಪೆಟ್ಟಿಗೆ ಕಳುಹಿಸುವ ‘ಷಿಪ್-ಎ-ಬಾಕ್ಸ್’ ಯೋಜನೆ ಯುದ್ಧಾನಂತರದ ದಿನಗಳದು. ಮುಂದೆ ಅದು ಇಸ್ರೇಲಿನ ಮಕ್ಕಳ ಕಡೆಗೆ ತಿರುಗಿತು. ಅಮೆರಿಕದಲ್ಲಿ ಹಿರಿಯ ನಾಗರಿಕರ ‘ಗೋಲ್ಡನ್ ಏಜ್’ ಕ್ಲಬ್‌ಗಳನ್ನು ಹಲವು ಶಾಖೆಗಳು ತೆರೆದವು. ಸೆನೆಟರ್ ಮೆಕಾರ್ತಿಯ ಕಾಲದಲ್ಲಿ, ಕಮ್ಯುನಿಸ್ಟರೆಂಬ ಶಂಕೆಯಿಂದ ಬಾಯಿ ಮುಚ್ಚಿಸುವ ಪ್ರವೃತ್ತಿಯ ವಿರುದ್ಧ, ನಾಗರಿಕ ಸ್ವಾತಂತ್ರ್ಯದ ಪರ ಆಂದೋಲನ ನಡೆಯಿತು. 1964ರಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಮತ್ತು ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಸ್ಥೆಗಳ ಜೊತೆಗೂಡಿ ‘ವಿಮೆನ್ ಇನ್ ಕಮ್ಯುನಿಟಿ ಸರ್ವಿಸ್’ ಒಕ್ಕೂಟವನ್ನು ರಚಿಸಿತು. ಅಧ್ಯಕ್ಷ ಜಾನ್ಸನ್‌ರ ಬಡತನ ನಿರ್ಮೂಲನ ಕಾರ್ಯಕ್ರಮದ ಭಾಗವಾದ ಜಾಬ್ ಕೋರ್ ಎಂಬ ಉದ್ಯೋಗ ತರಬೇತಿ ಯೋಜನೆಗೆ ಬಡ ಯುವತಿಯರನ್ನು ಆರಿಸಿ ಕಳುಹಿಸುವುದು ಈ ಒಕ್ಕೂಟದ ಕೆಲಸವಾಗಿತ್ತು. 20ನೆಯ ಶತಮಾನದ ಮಧ್ಯಭಾಗದ ಈ ದಶಕಗಳಲ್ಲಿ ಸದಸ್ಯೆಯರ ಸಂಖ್ಯೆ ಸುಮಾರು 1 ಲಕ್ಷಕ್ಕೆ ಏರಿತ್ತು.

ಮಕ್ಕಳ ಪರ ಅಧ್ಯಯನಗಳು

1970ರ ದಶಕದಲ್ಲಿ ಮಂಡಳಿ ತನ್ನ ಸ್ವಯಂಸೇವಕಿಯರನ್ನು ಸಮೀಕ್ಷಕರನ್ನಾಗಿ ಬಳಸುವ ವಿಶಿಷ್ಟ ಪ್ರಯೋಗ ಮಾಡಿತು. ದೇಶದ ಹಲವು ಊರುಗಳ ಸದಸ್ಯೆಯರು ಶಿಶುವಿಹಾರಗಳಿಗೂ ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೂ ಹೋಗಿ, ಒಬ್ಬೊಬ್ಬ ಆಯಾಳ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ, ಜಾಗ ಸುರಕ್ಷಿತವೇ, ಮಕ್ಕಳು ದಿನವಿಡೀ ಏನು ಮಾಡುತ್ತಾರೆ ಎಂದು ದಾಖಲಿಸಿದರು. ಕಾರ್ಮಿಕ ಇಲಾಖೆಯ ಮಹಿಳಾ ವಿಭಾಗದ ಮಾಜಿ ನಿರ್ದೇಶಕಿ ಮೇರಿ ಡಬ್ಲಿನ್ ಕೀಸರ್‌ಲಿಂಗ್ ಈ ಮಾಹಿತಿಯನ್ನು ‘ವಿಂಡೋಸ್ ಆನ್ ಡೇ ಕೇರ್’ ಎಂಬ ವರದಿಯಾಗಿ 1972ರಲ್ಲಿ ಪ್ರಕಟಿಸಿದಳು. ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಅಧ್ಯಕ್ಷ ನಿಕ್ಸನ್ ಸಮಗ್ರ ಶಿಶು ಅಭಿವೃದ್ಧಿ ಮಸೂದೆಗೆ ತಡೆಯೊಡ್ಡಿದ್ದರಿಂದ ವರದಿಗೆ ರಾಜಕೀಯ ಮಹತ್ವ ಬಂತು. 1975ರ ‘ಚಿಲ್ಡ್ರನ್ ವಿದೌಟ್ ಜಸ್ಟಿಸ್’ ವರದಿ ಬಾಲನ್ಯಾಯ ವ್ಯವಸ್ಥೆಯನ್ನು ಪರಿಶೀಲಿಸಿತು. ಪರಿತ್ಯಕ್ತ ಅಥವಾ ಹಿಂಸೆಗೊಳಗಾದ ಮಕ್ಕಳ ಪರವಾಗಿ ನ್ಯಾಯಾಲಯವೇ ತರಬೇತಾದ ಸ್ವಯಂಸೇವಕರನ್ನು ನೇಮಿಸುವ ಪದ್ಧತಿ 1977ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದಾಗ, ಅದನ್ನು ಬೇರೆ ಊರುಗಳಿಗೆ ಹರಡುವಲ್ಲಿ ಮಂಡಳಿಯ ಶಾಖೆಗಳು ಮುಂದಾದವು. 1982ರಲ್ಲಿ ಈ ಕಾರ್ಯಕ್ರಮಕ್ಕೆ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು.

ಜೆರೂಸಲೆಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮಂಡಳಿ 1968ರಲ್ಲಿ ಶಿಕ್ಷಣ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅಲ್ಲಿ ಅವಿಮಾ ಲೊಂಬಾರ್ಡ್ 1969ರಲ್ಲಿ ಆರಂಭಿಸಿದ ‘ಹಿಪ್ಪಿ’ ಯೋಜನೆ ಗಮನಾರ್ಹ. ಏಷ್ಯ ಮತ್ತು ಉತ್ತರ ಆಫ್ರಿಕದ ದೇಶಗಳಿಂದ ಇಸ್ರೇಲಿಗೆ ಬಂದ ಕುಟುಂಬಗಳಲ್ಲಿ ಹೆಚ್ಚು ಓದಿರದ ತಾಯಂದಿರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡಲು ಶಕ್ತರಾಗುವಂತೆ ಮಾಡುವುದು ಇದರ ಗುರಿ. ಅದೇ ಬಡಾವಣೆಯ, ಅದೇ ಹಿನ್ನೆಲೆಯ ಹೆಂಗಸೊಬ್ಬಳು ತರಬೇತಿ ಪಡೆದು ತಾಯಿಯ ಮನೆಗೆ ಬರುತ್ತಾಳೆ; ಕಥೆಪುಸ್ತಕ ಮತ್ತು ಚಟುವಟಿಕೆ ಹಾಳೆಗಳನ್ನು ಹೇಗೆ ಬಳಸಬೇಕೆಂದು ಇಬ್ಬರೂ ಅಭಿನಯಿಸಿ ಕಲಿಯುತ್ತಾರೆ; ತಾಯಿ ಅದನ್ನು ದಿನವೂ ಸ್ವಲ್ಪ ಹೊತ್ತು ಮಗುವಿಗೆ ಕಲಿಸುತ್ತಾಳೆ. 1984ರಲ್ಲಿ ಅಮೆರಿಕಕ್ಕೆ ಬಂದ ಈ ಯೋಜನೆಗೆ ಅರ್ಕನ್ಸಾ ರಾಜ್ಯದಲ್ಲಿ ಹಿಲರಿ ಕ್ಲಿಂಟನ್ ಒತ್ತಾಸೆಯಾದರು. ಆಸ್ಟ್ರೇಲಿಯ, ಕೆನಡ, ಜರ್ಮನಿ, ನ್ಯೂಜಿಲೆಂಡ್ ಮೊದಲಾದ ದೇಶಗಳಿಗೂ ಇದು ಹಬ್ಬಿತು.

ಬೇರೆ ದೇಶಗಳಲ್ಲಿ

ಷಿಕಾಗೊದ ಪ್ರಯೋಗ ಹೊರಗೂ ಪರಿಣಾಮ ಬೀರಿತು. ಕೆನಡದ ಮೊದಲ ಶಾಖೆ 1897ರಲ್ಲಿ ಟೊರಾಂಟೊದಲ್ಲಿ ಸ್ಥಾಪನೆಯಾಗಿ, ಮುಂದೆ ಅಲ್ಲಿನ ಶಾಖೆಗಳು ಸ್ವತಂತ್ರ ಸಂಸ್ಥೆಯಾದವು. ಲಂಡನ್ನಿನಲ್ಲಿ 1902ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ರೂಪುಗೊಂಡಿತು. ಜರ್ಮನಿಯಲ್ಲಿ ಬರ್ತಾ ಪಾಪೆನ್‌ಹೈಮ್ 1904ರಲ್ಲಿ ಯಹೂದಿ ಮಹಿಳಾ ಸಂಘವನ್ನು ಕಟ್ಟಿ, ಸ್ತ್ರೀ ಸಾಗಾಟದ ವಿರುದ್ಧ ಹೋರಾಡಿ, 1907ರಲ್ಲಿ ಫ್ರಾಂಕ್‌ಫರ್ಟಿಗೆ ಹತ್ತಿರದ ನೊಯಿ-ಇಸೆನ್‌ಬುರ್ಗ್‌ನಲ್ಲಿ ನಿರ್ಗತಿಕ ಹುಡುಗಿಯರಿಗೂ ಅವಿವಾಹಿತ ತಾಯಂದಿರಿಗೂ ಆಶ್ರಯಧಾಮ ತೆರೆದಳು. 1938ರಲ್ಲಿ ನಾಜಿ ಆಡಳಿತ ಆ ಸಂಘವನ್ನು ಮುಚ್ಚಿಸಿತು. ಹನ್ನಾ ಕಾರ್ಮಿನ್‌ಸ್ಕಿ, ಕೋರಾ ಬರ್ಲಿನರ್ ಮುಂತಾದ ಅದರ ಮುಂದಾಳುಗಳು ಯುದ್ಧಕಾಲದಲ್ಲಿ ಗಡೀಪಾರಾಗಿ ಪ್ರಾಣ ಕಳೆದುಕೊಂಡರು. ಆಸ್ಟ್ರೇಲಿಯದಲ್ಲಿ ವೈದ್ಯೆ ಫ್ಯಾನಿ ರೀಡಿಂಗ್ 1923ರಲ್ಲಿ ಸಿಡ್ನಿಯಲ್ಲಿ ಇಂಥದೇ ಮಂಡಳಿ ಆರಂಭಿಸಿದಳು. 1929ರಲ್ಲಿ ಅದು ರಾಷ್ಟ್ರೀಯ ಸಂಸ್ಥೆಯಾಯಿತು. 1923ರಲ್ಲಿ ವಿಯೆನ್ನಾದಲ್ಲಿ ನಡೆದ ಯಹೂದಿ ಮಹಿಳೆಯರ ವಿಶ್ವ ಸಮಾವೇಶ ರೆಬೆಕಾ ಕೊಹುಟ್‌ಳನ್ನು ಅಧ್ಯಕ್ಷೆಯಾಗಿ ಆರಿಸಿತು. ಅಂತರರಾಷ್ಟ್ರೀಯ ಯಹೂದಿ ಮಹಿಳಾ ಮಂಡಳಿ ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಪ್ಯಾರಿಸ್‌ನಲ್ಲಿ ಪುನಾರಚನೆಗೊಂಡಿತು.

ಇತ್ತೀಚಿನ ದಶಕಗಳು

ಮಧ್ಯಮ ವರ್ಗದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಸಂಬಳದ ಉದ್ಯೋಗಕ್ಕೆ ಸೇರಿದಂತೆ ಹಗಲಿನ ಸಭೆಗಳಿಗೆ ಬಿಡುವಿರುವವರು ಕಡಿಮೆಯಾದರು. ಸ್ವಯಂಸೇವೆಯೇ ಜೀವಾಳವಾದ ಎಲ್ಲ ಮಹಿಳಾ ಸಂಸ್ಥೆಗಳಂತೆ ಮಂಡಳಿಯ ಸ್ವರೂಪವೂ ಬದಲಾಯಿತು. ಕೆಲವು ಶಾಖೆಗಳು ಮುಚ್ಚಿದವು. ಲಾಸ್ ಏಂಜಲೀಸ್‌ನಂಥ ಶಾಖೆಗಳು ಬಳಸಿದ ವಸ್ತುಗಳ ಅಂಗಡಿಗಳ ಆದಾಯದಿಂದ ಸಾಮಾಜಿಕ ಸೇವೆ ನಡೆಸುತ್ತ ಬಂದಿವೆ. ರಾಷ್ಟ್ರಮಟ್ಟದಲ್ಲಿ ಗಮನ ನೀತಿ ನಿರೂಪಣೆಯ ಕಡೆಗೆ ಹೋಯಿತು. ದುಡಿಯುವ ತಾಯಂದಿರ ಬಗ್ಗೆ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳು, 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆಗೆ ಮುನ್ನ ನಡೆದ ಚರ್ಚೆಗೆ ಸಾಮಗ್ರಿ ಒದಗಿಸಿದವು. ಗರ್ಭಪಾತದ ಹಕ್ಕಿನ ಪರ ಮಂಡಳಿ ಗಟ್ಟಿಯಾಗಿ ನಿಂತಿದೆ. ತಾಯಿಯ ಜೀವಕ್ಕೆ ಆದ್ಯತೆ ನೀಡುವ ಯಹೂದಿ ಧರ್ಮಶಾಸ್ತ್ರದ ದೃಷ್ಟಿಯಿಂದ, ಸಂಪೂರ್ಣ ನಿಷೇಧ ತಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೂ ಧಕ್ಕೆಯೆಂಬುದು ಅದರ ವಾದ. ಎಲ್ಲ ಯಹೂದಿ ಪಂಥಗಳೂ ಇದನ್ನು ಒಪ್ಪುವುದಿಲ್ಲ. ಸಂಪ್ರದಾಯನಿಷ್ಠ ಸಂಸ್ಥೆಗಳು ಭಿನ್ನ ನಿಲುವು ತಳೆದಿವೆ. 2022ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಕ್ಕಿಗಿದ್ದ ಸಾಂವಿಧಾನಿಕ ರಕ್ಷಣೆಯನ್ನು ತೆಗೆದುಹಾಕುವ ಒಂದು ತಿಂಗಳು ಮುನ್ನ ಮಂಡಳಿ ವಾಷಿಂಗ್ಟನ್ನಿನಲ್ಲಿ ಯಹೂದಿಯರ ರ‍್ಯಾಲಿ ನಡೆಸಿತು.

ವಿಮರ್ಶೆ

ಇತಿಹಾಸಕಾರ್ತಿ ಫೇತ್ ರೋಗೊ ಮಂಡಳಿಯ ಮೊದಲ ನೂರು ವರ್ಷಗಳ ಚರಿತ್ರೆಯನ್ನು 1993ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದಾಳೆ. ಮಂಡಳಿಯ ದಾಖಲೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಹಳೆಯ ಕಡತಗಳಲ್ಲಿ ಅಧ್ಯಕ್ಷೆಯರ ಹೆಸರುಗಳೂ ‘ಶ್ರೀಮತಿ ಆರ್ಥರ್ ಬ್ರಿನ್’ ಎಂಬಂತೆ ಗಂಡಂದಿರ ಹೆಸರಿನಲ್ಲಿವೆ. ಮನೆ ಮತ್ತು ತಾಯ್ತನವೇ ಹೆಣ್ಣಿನ ಧರ್ಮವೆಂಬ ಕಾಲದ ನಂಬಿಕೆಯನ್ನು ಈ ಮಹಿಳೆಯರು ಎದುರಿಸಲಿಲ್ಲ. ಊರಿನ ಮಕ್ಕಳೂ ತಾಯಿಯ ಹೊಣೆ, ಊರಿನ ಕೊಳಚೆಯೂ ಮನೆವಾರ್ತೆಯ ಭಾಗ ಎಂದು ವಾದಿಸಿ ಅದೇ ನಂಬಿಕೆಯ ಬಲದಿಂದ ಸಾರ್ವಜನಿಕ ಜೀವನಕ್ಕೆ ಬಂದರು.

ಮಂಡಳಿಯ ಮೇಲಿನ ಟೀಕೆಗಳೂ ಗಂಭೀರವಾದವು. ಆರಂಭದ ಸದಸ್ಯೆಯರು ಉಳ್ಳವರ ಮನೆಯವರು. ವಲಸಿಗರ ಯಿದ್ದಿಷ್ ಮಾತು, ಉಡುಪು, ಅಡುಗೆ ಎಲ್ಲವನ್ನೂ ತಿದ್ದಿ ಅಮೆರಿಕನ್ನರನ್ನಾಗಿ ಮಾಡುವ ಹುಮ್ಮಸ್ಸಿನಲ್ಲಿ ಅವರ ಸ್ವಾಭಿಮಾನವನ್ನು ಕಡೆಗಣಿಸಿದ್ದುಂಟು. ವಲಸೆ ಬಂದ ಹೆಂಗಸರು ಬರಿಯ ಉಪಕಾರ ಪಡೆಯುವವರಾಗಿರಲಿಲ್ಲ: 1902ರಲ್ಲಿ ಕೋಶರ್ (ಯಹೂದಿ ಆಹಾರ ನಿಯಮಕ್ಕೆ ತಕ್ಕ) ಮಾಂಸದ ಬೆಲೆಯೇರಿಕೆಯ ವಿರುದ್ಧ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಗೃಹಿಣಿಯರು ತಾವೇ ಬೀದಿಗಿಳಿದು ಬಹಿಷ್ಕಾರ ನಡೆಸಿದ್ದರು. ಸೇವೆ ಮಾಡುವವರು ಮತ್ತು ಪಡೆಯುವವರ ನಡುವಣ ಈ ಅಂತರವನ್ನು ಮಂಡಳಿ ತುಂಬಿಕೊಂಡದ್ದು ನಿಧಾನವಾಗಿ. ನೆರವು ಪಡೆದ ಕುಟುಂಬಗಳ ಹೆಣ್ಣುಮಕ್ಕಳು ಕಾಲಕ್ರಮದಲ್ಲಿ ಸದಸ್ಯೆಯರಾಗಿ ಸೇರಿದರು. ಬಡಾವಣೆಯ ಹೆಂಗಸೇ ನೆರೆಮನೆಯ ತಾಯಿಗೆ ಕಲಿಸುವ ಹಿಪ್ಪಿಯಂಥ ಯೋಜನೆಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಕಟ್ಟಿದ ಸಂಸ್ಥೆಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಳ್ಳಬೇಕೆಂಬ ಹಟವಿಲ್ಲದ್ದರಿಂದ ಮಂಡಳಿಗೆ ಸಿಕ್ಕ ಕೀರ್ತಿ ಅದರ ಕೆಲಸಕ್ಕಿಂತ ಚಿಕ್ಕದು. ಪ್ರತಿ ಪೀಳಿಗೆಯೂ ತನ್ನ ಕಾಲದ ಹೊಸ ಕೊರತೆಯ ಕಡೆಗೆ ತಿರುಗಲು ಬಿಡುವು ದೊರೆತದ್ದೂ ಅದರಿಂದಲೇ.